ಕೇವಿಯಟ್ ಹಾಕಿದ್ದರೂ ಸ್ಟೇ ಬಂತು, ಹೇಗೆ?

ತುಮಕೂರು ಜಿಲ್ಲೆಯ ಓದುಗರೊಬ್ಬರ ಪ್ರಶ್ನೆ:

“ಅಣ್ಣತಮ್ಮಂದಿರ ಪಾಲಿನಲ್ಲಿ ನನಗೆ ಬಂದ 2 ಎಕರೆ 10 ಗುಂಟೆ ತೋಟ ಇದೆ. ಪಹಣಿ ನನ್ನ ಹೆಸರಿಗೇ ಇದೆ. ಬೋರ್‌ವೆಲ್ ಕೊರೆಸಿ ಬೇಲಿ ಹಾಕಿಸಲು ಹೊರಟಾಗ ಅಣ್ಣ ‘ಕೋರ್ಟಿಂದ ಸ್ಟೇ ತರ್ತೀನಿ’ ಎಂದರು. ಹೆದರಿ ಮಾರ್ಚ್ 3ರಂದು ತಾಲ್ಲೂಕಿನ ಕಿರಿಯ ಶ್ರೇಣಿ ಸಿವಿಲ್ ಕೋರ್ಟಿನಲ್ಲಿ ಅಣ್ಣನ ಮೇಲೆ ಕೇವಿಯಟ್ ಹಾಕಿಸಿದೆ. ಅಂಚೆಯಲ್ಲಿ ನೋಟಿಸ್ ಹೋಗಿ ಅವರು ಸಹಿ ಹಾಕಿದ ಕಾರ್ಡೂ ವಾಪಸ್ ಬಂತು. ಆದರೆ ಜೂನ್ 9ರಂದು ಅಣ್ಣನ ಮಗ ಹಿರಿಯ ಶ್ರೇಣಿ ಕೋರ್ಟಿನ ಆದೇಶ ಹಿಡಿದು ತೋಟಕ್ಕೇ ಬಂದ. ಜಮೀನು ಮಾರಬಾರದು, ಅದರ ಸ್ವರೂಪ ಬದಲಿಸಬಾರದು ಎಂದು ಅದರಲ್ಲಿದೆ. ನನ್ನನ್ನು ಕೇಳದೆ ಹೇಗೆ ಕೊಟ್ಟರು? ಕೇವಿಯಟ್ ಅಂದರೇ ಸ್ಟೇ, ಒಮ್ಮೆ ಹಾಕಿದರೆ ಮುಗಿಯಿತು ಎಂದು ಊರಿನ ಪತ್ರ ಬರಹಗಾರರು ಹೇಳಿದ್ದರು. ನನ್ನ ವಕೀಲರು ಮೋಸ ಮಾಡಿದರೇ? ಸಬ್ ರಿಜಿಸ್ಟ್ರಾರ್ ಕಚೇರಿಗೂ ಕೇವಿಯಟ್ ಪ್ರತಿ ಕೊಟ್ಟಿದ್ದೆ, ಅದರಿಂದ ಏನಾದರೂ ಉಪಯೋಗವಿದೆಯೇ? ಈಗ ಬೋರ್ ಕೊರೆಸಬಹುದೇ?”

ಕೊನೆಯ ಪ್ರಶ್ನೆಗೆ ಮೊದಲು ಉತ್ತರ, ಏಕೆಂದರೆ ಅದು ನಾಳೆಯೇ ತೊಂದರೆ ತರಬಹುದು: ಬೇಡ, ಕೊರೆಸಬೇಡಿ. ಆದೇಶ ತಪ್ಪೋ ಸರಿಯೋ, ಅದು ರದ್ದಾಗುವವರೆಗೆ ನಿಮ್ಮನ್ನು ಕಟ್ಟುತ್ತದೆ. ಮೀರಿದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39 (ಇಲ್ಲಿ ‘ಆದೇಶ’ ಎಂದರೆ ಕೋರ್ಟಿನ ಆದೇಶವಲ್ಲ, ಸಂಹಿತೆಯ ಒಂದು ಅಧ್ಯಾಯ), ನಿಯಮ 2ಎ ಪ್ರಕಾರ ನಿಮ್ಮ ಆಸ್ತಿ ಜಪ್ತಿಯಾಗಬಹುದು, ಮೂರು ತಿಂಗಳವರೆಗೆ ಸಿವಿಲ್ ಕಾರಾಗೃಹವೂ ಆಗಬಹುದು. ಇವತ್ತು ನ್ಯಾಯ ನಿಮ್ಮ ಕಡೆ ಇರಬಹುದು. ರಿಗ್ ಲಾರಿ ತೋಟಕ್ಕೆ ಇಳಿದ ಫೋಟೋ ಕೋರ್ಟಿಗೆ ಹೋದ ದಿನದಿಂದ ತಪ್ಪಿತಸ್ಥರ ಜಾಗದಲ್ಲಿ ನಿಲ್ಲುವವರು ನೀವು.

ಇನ್ನು ಕೇವಿಯಟ್ ವಿಷಯ. ಲ್ಯಾಟಿನ್‌ನಲ್ಲಿ ‘ಕವೇರೆ’ ಎಂದರೆ ಎಚ್ಚರ ವಹಿಸು. ಇಟಲಿಯ ಪ್ರಾಚೀನ ಪಾಂಪೇ ಪಟ್ಟಣದ ಅವಶೇಷಗಳಲ್ಲಿ ಒಂದು ಮನೆಯ ಹೊಸ್ತಿಲ ಬಳಿ ಸರಪಳಿ ಕಟ್ಟಿದ ನಾಯಿಯ ಚಿತ್ರ, ಅದರ ಕೆಳಗೆ ‘ಕವೆ ಕಾನೆಮ್’ ಎಂಬ ಬರಹ ಸಿಕ್ಕಿದೆ. ನಮ್ಮ ಗೇಟುಗಳ ಮೇಲಿನ ‘ನಾಯಿ ಇದೆ, ಎಚ್ಚರಿಕೆ’ ಬೋರ್ಡೇ ಅದು. ಅದೇ ಧಾತುವಿನಿಂದ ಬಂದ ‘ಕೇವಿಯಟ್’ ಎಂದರೆ ‘ಅವನು ಎಚ್ಚರದಿಂದಿರಲಿ’. ಕೋರ್ಟಿನಲ್ಲಿ ಎಚ್ಚರ ಹೇಳಿಸಿಕೊಳ್ಳುವವರು ಎದುರಾಳಿಯಷ್ಟೇ ಅಲ್ಲ, ನ್ಯಾಯಾಲಯವೂ ಹೌದು: ಇಂಥವರು ಇಂಥ ಅರ್ಜಿ ತರಬಹುದು, ತಂದರೆ ನನ್ನ ಮಾತನ್ನೂ ಕೇಳಿ. ಅದರಲ್ಲಿರುವುದು ಇಷ್ಟೇ. ನಾಯಿ ಬೋರ್ಡು ಕಳ್ಳನನ್ನು ಹಿಡಿಯುವುದಿಲ್ಲ, ಕೇವಿಯಟ್ ಸ್ಟೇಯನ್ನು ತಡೆಯುವುದಿಲ್ಲ.

ವ್ಯಾಪಾರದಲ್ಲಿ ಹೇಳುವ ‘ಕೇವಿಯಟ್ ಎಂಪ್ಟರ್’, ಅಂದರೆ ಕೊಳ್ಳುವವನೇ ನೋಡಿಕೊಳ್ಳಲಿ ಎಂಬುದು, ಇದೇ ಪದದ ಇನ್ನೊಂದು ಬಳಕೆ. ಅದು ಸರಕು ಮಾರಾಟದ ತತ್ವ. ನಿಮ್ಮ ತೋಟಕ್ಕೂ ಅದಕ್ಕೂ ಸಂಬಂಧವಿಲ್ಲ. ಉಯಿಲಿನ ಪ್ರೊಬೇಟ್, ಅಂದರೆ ಉಯಿಲು ನಿಜವೆಂದು ಕೋರ್ಟು ದೃಢೀಕರಿಸುವ, ಪ್ರಕರಣಗಳಲ್ಲಿ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 284ನೇ ಸೆಕ್ಷನ್ ಪ್ರಕಾರ ಹಾಕುವ ಕೇವಿಯಟ್ ಕೂಡ ಬೇರೆ ಜಾತಿಯದು. ಅದು ಹೆಚ್ಚು ಬಲಶಾಲಿ: ಅದನ್ನು ಹಾಕಿದ ಮೇಲೆ ನೋಟಿಸ್ ಇಲ್ಲದೆ ಪ್ರೊಬೇಟ್ ಅರ್ಜಿಯೇ ಮುಂದಕ್ಕೆ ಹೋಗುವಂತಿಲ್ಲ. ಊರಿನಲ್ಲಿ ಈ ಮೂರನ್ನೂ ಒಂದೇ ಎಂದು ಮಾತಾಡುವುದರಿಂದಲೇ ‘ಕೇವಿಯಟ್ ಅಂದ್ರೆ ಸ್ಟೇ’ ಎಂಬ ಮಾತಿಗೆ ಕಾಲು ಬಂದಿದೆ.

ನೀವು ಹಾಕಿಸಿದ್ದು ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಸೆಕ್ಷನ್ ಕೆಳಗಿನದು. ಸಂಹಿತೆ 1908ರದ್ದಾದರೂ ಈ ಸೆಕ್ಷನ್ ಸೇರಿದ್ದು 1976ರ ತಿದ್ದುಪಡಿಯಲ್ಲಿ. ಅದು ಹೇಳುವುದು ಹೀಗೆ. ಯಾವುದಾದರೂ ದಾವೆಯಲ್ಲಿ, ಅದು ಹಾಕಿಯಾಗಿರಲಿ ಇನ್ನು ಹಾಕಲಿರಲಿ, ಒಂದು ಅರ್ಜಿ ಬರುತ್ತದೆ ಎಂಬ ನಿರೀಕ್ಷೆ ಇದ್ದರೆ, ಆ ಅರ್ಜಿಯ ವಿಚಾರಣೆಯಲ್ಲಿ ಹಾಜರಾಗುವ ಹಕ್ಕಿದೆ ಎನ್ನುವವರು ಕೇವಿಯಟ್ ಸಲ್ಲಿಸಬಹುದು. ಸಲ್ಲಿಸಿದವರು ಎದುರಾಳಿಗೆ ಸ್ವೀಕೃತಿ ಸಹಿತ ನೋಂದಾಯಿತ ಅಂಚೆಯಲ್ಲಿ ನೋಟಿಸ್ ಕಳಿಸಬೇಕು. ಆಮೇಲೆ ಅರ್ಜಿ ಬಂದರೆ ನ್ಯಾಯಾಲಯ ಕೇವಿಯಟ್ ಹಾಕಿದವರಿಗೆ ತಿಳಿಸಬೇಕು. ಅರ್ಜಿದಾರರೂ ಅರ್ಜಿ ಮತ್ತು ದಾಖಲೆಗಳ ಪ್ರತಿಯನ್ನು ಕೂಡಲೇ ಕೊಡಬೇಕು. ಪ್ರತಿಯ ಖರ್ಚು ಮಾತ್ರ ಕೇವಿಯಟ್ ಹಾಕಿದವರದು. ಐದನೇ ಉಪ ಸೆಕ್ಷನ್, ಅಂದರೆ ನಿಮ್ಮ ವಿಷಯದಲ್ಲಿ ಎಡವಿದ ಕಲ್ಲು, ಹೇಳುವುದು: ಸಲ್ಲಿಸಿದ ದಿನದಿಂದ 90 ದಿನದೊಳಗೆ ಆ ಅರ್ಜಿ ಬಾರದಿದ್ದರೆ ಕೇವಿಯಟ್ ಸತ್ತುಹೋಗುತ್ತದೆ.

ಬೆರಳು ಮಡಚಿ ಎಣಿಸೋಣ. ಮಾರ್ಚ್ 3ರಂದು ಸಲ್ಲಿಸಿದ್ದೀರಿ. ಮಾರ್ಚ್ ತಿಂಗಳಲ್ಲಿ ಉಳಿದದ್ದು 28 ದಿನ, ಏಪ್ರಿಲ್‌ನ 30 ಸೇರಿ 58, ಮೇ ತಿಂಗಳ 31 ಸೇರಿ 89. ಜೂನ್ 1ಕ್ಕೆ 90 ತುಂಬಿತು. ಮೂರು ತಿಂಗಳು ಎಂದು ಲೆಕ್ಕ ಹಾಕಿದವರು ಜೂನ್ 3ರವರೆಗೆ ಇದೆ ಎಂದುಕೊಳ್ಳುತ್ತಾರೆ. ಕಾನೂನು ಎಣಿಸುವುದು ದಿನವನ್ನು, ತಿಂಗಳನ್ನಲ್ಲ. ನಡುವೆ ಕೋರ್ಟುಗಳಿಗೆ ಬೇಸಿಗೆ ರಜೆ ಬಂದು ಹೋಗಿರುತ್ತದೆ. ಆ ದಿನಗಳನ್ನು ಬಿಟ್ಟು ಎಣಿಸಿ ಎಂದು ಸೆಕ್ಷನ್ ಎಲ್ಲೂ ಹೇಳಿಲ್ಲ. ಅವಧಿ ತಾನಾಗಿ ನವೀಕರಣವಾಗುವುದೂ ಇಲ್ಲ; ಬೇಕಿದ್ದರೆ ಹೊಸದನ್ನೇ ಹಾಕಬೇಕು, ಹೊಸ ನೋಟಿಸನ್ನೇ ಕಳಿಸಬೇಕು. ಆದೇಶದ ಮೊದಲ ಪುಟದಲ್ಲಿ ದಾವೆ ದಾಖಲಾದ ತಾರೀಖು ನೋಡಿ. ಜೂನ್ 1 ದಾಟಿದ್ದರೆ ನಿಮಗೆ ನೋಟಿಸ್ ಬಾರದೆ ಇದ್ದದ್ದರಲ್ಲಿ ನ್ಯಾಯಾಲಯದ ತಪ್ಪೇನೂ ಇಲ್ಲ. ‘ಕೇವಿಯಟ್ ನೋಟಿಸ್ ಬಂದರೆ ಮೂರು ತಿಂಗಳು ಸುಮ್ಮನಿರು’ ಎಂಬುದು ಎದುರು ಪಕ್ಷಕ್ಕೆ ಸಿಗುವ ತೀರ ಸಾಮಾನ್ಯ ಸಲಹೆ.

ದಿನ ಉಳಿದಿದ್ದರೂ ನಿಮ್ಮ ಕೇವಿಯಟ್ ಕೆಲಸ ಮಾಡುವುದು ಅನುಮಾನವಿತ್ತು. ನೀವು ಹಾಕಿದ್ದು ಅಣ್ಣನ ಹೆಸರಿಗೆ, ದಾವೆ ಹಾಕಿದ್ದು ಅವರ ಮಗ. ನೀವು ನಿರೀಕ್ಷಿಸಿದ್ದು ಬೇಲಿ, ಬೋರ್ ತಡೆಯುವ ನಿರ್ಬಂಧಕಾಜ್ಞೆ (ಊರಿನಲ್ಲಿ ‘ಸ್ಟೇ’ ಎನ್ನುವುದು ಇದನ್ನೇ) ದಾವೆ. ಆದೇಶದ ಧಾಟಿ ನೋಡಿದರೆ ಬಂದಿರುವುದು ವಿಭಾಗದ, ಅಂದರೆ ಪಾಲು ಕೇಳುವ, ದಾವೆ. ಹಾಗಾಗಿಯೇ ಅದು ಮೌಲ್ಯದ ಮೇಲೆ ಹಿರಿಯ ಶ್ರೇಣಿ ಕೋರ್ಟಿಗೆ ಹೋಗಿರಬೇಕು. ದಾವೆ ಬಂದಾಗ ಕೋರ್ಟಿನ ಕಚೇರಿಯವರು ತಮ್ಮಲ್ಲಿರುವ ಕೇವಿಯಟ್‌ಗಳನ್ನು ಹೋಲಿಸಿ ನೋಡುತ್ತಾರೆ. ಆ ಹೋಲಿಕೆ ನಡೆಯುವುದು ಪಕ್ಷಗಾರರ ಹೆಸರಿನ ಮೇಲೆ, ಆ ಕೋರ್ಟಿನ ದಾಖಲೆಯೊಳಗೆ. ಪಕ್ಕದ ಕಟ್ಟಡದ ಕೋರ್ಟಿನಲ್ಲಿ ಇನ್ನೊಬ್ಬರ ಹೆಸರಿಗೆ ಇರುವ ಕಾಗದ ಅವರ ಕಣ್ಣಿಗೆ ಬೀಳುವ ದಾರಿಯೇ ಇಲ್ಲ.

ಆದ್ದರಿಂದ ಕೇವಿಯಟ್‌ನಲ್ಲಿ ಶ್ರಮ ಹಾಕಲೇಬೇಕಾದ ಜಾಗ ಒಂದಿದೆ: ಹೆಸರುಗಳು ಮತ್ತು ಆಸ್ತಿಯ ವಿವರ. ಹಳ್ಳಿಯ ಹೆಸರುಗಳ ಕಥೆ ನಿಮಗೇ ಗೊತ್ತು. ಪಹಣಿಯಲ್ಲಿ ‘ರಂಗಪ್ಪ’, ಆಧಾರ್‌ನಲ್ಲಿ ‘ರಂಗಸ್ವಾಮಿ’, ಕರೆಯುವುದು ‘ರಂಗಣ್ಣ’. ಮೂರನ್ನೂ ‘ಉರುಫ್’ ಹಾಕಿ ಬರೆಯಬೇಕು. ‘ಬಿನ್’ ಎಂದು ತಂದೆಯ ಹೆಸರು, ಹೆಂಗಸರಾದರೆ ‘ಕೋಂ’ ಎಂದು ಗಂಡನ ಹೆಸರು, ಜೊತೆಗೆ ಊರು, ಹೋಬಳಿ. ಅಣ್ಣನ ಜೊತೆ ಅವರ ಹೆಂಡತಿ, ವಯಸ್ಸಿಗೆ ಬಂದ ಮಕ್ಕಳು, ಹಕ್ಕು ಕೇಳಬಹುದಾದ ಅಕ್ಕತಂಗಿಯರು, ಜನರಲ್ ಪವರ್ ಆಫ್ ಅಟಾರ್ನಿ ಇದ್ದರೆ ಅದನ್ನು ಪಡೆದವರು, ಎಲ್ಲರೂ ಎದುರುದಾರರ ಪಟ್ಟಿಯಲ್ಲಿ ಬರಬೇಕು. ಒಬ್ಬೊಬ್ಬರಿಗೂ ಬೇರೆ ಲಕೋಟೆ. ಷೆಡ್ಯೂಲ್‌ನಲ್ಲಿ ಸರ್ವೆ ನಂಬರ್, ಹಿಸ್ಸಾ, ಎಕರೆ ಗುಂಟೆ, ನಾಲ್ಕೂ ಕಡೆಯ ಚಕ್ಕುಬಂದಿ. ನಿರೀಕ್ಷಿಸುವ ಅರ್ಜಿಯನ್ನು ಬಿಡಿಸಿ ಬರೆಯಬೇಕು. ಉದಾಹರಣೆಗೆ ಹೀಗೆ:

‘ಸದರಿ ಎದುರುದಾರರಾಗಲಿ, ಅವರ ಮೂಲಕ ಹಕ್ಕು ಸಾಧಿಸುವ ಯಾರೇ ಆಗಲಿ, ಷೆಡ್ಯೂಲ್ ಸ್ವತ್ತಿಗೆ ಸಂಬಂಧಿಸಿದಂತೆ ವಿಭಾಗ, ಘೋಷಣೆ ಅಥವಾ ನಿರ್ಬಂಧಕಾಜ್ಞೆ ಕೋರಿ ದಾವೆ ಹೂಡಿ, ಅದರಲ್ಲಿ ತಾತ್ಕಾಲಿಕ ನಿರ್ಬಂಧಕಾಜ್ಞೆ, ಯಥಾಸ್ಥಿತಿ ಆದೇಶ ಅಥವಾ ಕೋರ್ಟ್ ಕಮಿಷನರ್ ನೇಮಕ ಕೋರಿ ಅರ್ಜಿ ಸಲ್ಲಿಸುವ ಸಂಭವವಿದ್ದು, ಅಂತಹ ಅರ್ಜಿಯ ಮೇಲೆ ಈ ಕೇವಿಯಟರ್‌ಗೆ ನೋಟಿಸ್ ನೀಡದೆ ಯಾವುದೇ ಆದೇಶ ಮಾಡಬಾರದಾಗಿ ಪ್ರಾರ್ಥನೆ.’

ಜಮೀನಿನ ದಾವೆ ಜಮೀನು ಇರುವ ಕಡೆಯ ಕೋರ್ಟಿನಲ್ಲೇ ಆಗಬೇಕು, ಹಾಗಾಗಿ ಊರೂರು ಅಲೆಯುವ ಅಗತ್ಯವಿಲ್ಲ. ಆದರೆ ಆ ವ್ಯಾಪ್ತಿಯ ಕಿರಿಯ, ಹಿರಿಯ ಎರಡೂ ಶ್ರೇಣಿಯ ಕೋರ್ಟಿನಲ್ಲಿ ಬೇರೆ ಬೇರೆಯಾಗಿ ಹಾಕಬೇಕು. ಕೇವಿಯಟ್ ನಿಜವಾಗಿ ದಾವೆಯ ಮೇಲಲ್ಲ, ದಾವೆಯೊಳಗೆ ಬರುವ ಅರ್ಜಿಯ ಮೇಲೆ. ದಾವೆ ಹಾಕುವುದನ್ನು ಅದು ಯಾವ ಕಾಲಕ್ಕೂ ತಡೆಯದು. ಅಂಚೆಯದೊಂದು ಸಣ್ಣ ಮಾತು: 2025ರಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿತು. ಈಗ ಕೌಂಟರಿನಲ್ಲಿ ಬರೀ ಸ್ಪೀಡ್ ಪೋಸ್ಟ್ ಎಂದರೆ ಸಾಲದು, ರಿಜಿಸ್ಟ್ರೇಷನ್ ಮತ್ತು ಸ್ವೀಕೃತಿ ಎರಡನ್ನೂ ಸೇರಿಸಿ ಎಂದು ಕೇಳಿ ರಸೀದಿ ಪಡೆಯಿರಿ. ಆ ರಸೀದಿಯಿಲ್ಲದೆ ಕೇವಿಯಟ್ ಕೊಟ್ಟರೆ ಕೋರ್ಟಿನ ಕಚೇರಿಯಲ್ಲಿ ಆಕ್ಷೇಪಣೆ ಹಾಕಿ ಹಿಂದಿರುಗಿಸಬಹುದು. ಕೇವಿಯಟ್ ದಾಖಲಾದದ್ದನ್ನು ಇ-ಕೋರ್ಟ್ಸ್ ಜಾಲತಾಣದ ಕೇವಿಯಟ್ ಹುಡುಕಾಟದಲ್ಲಿ ನೀವೇ ನೋಡಬಹುದು. ಹೆಸರಿನ ಕಾಗುಣಿತ ಅಲ್ಲಿ ಹೇಗೆ ಬಿದ್ದಿದೆ ಎಂದು ಅವತ್ತೇ ನೋಡಿಬಿಡಿ.

ಎಲ್ಲವೂ ಸರಿಯಿದ್ದು ಕೇವಿಯಟ್ ಜೀವಂತವಿದ್ದರೂ ಒಂದು ಅಪಾಯ ಉಳಿಯುತ್ತದೆ. ನಿಮ್ಮ ವಕೀಲರಿಗೆ ಬೆಳಗ್ಗೆ ಪ್ರತಿ ಕೊಟ್ಟು, ಅವರ ಮಾತು ಕೇಳಿ, ಅದೇ ದಿನ ನ್ಯಾಯಾಧೀಶರು ಆದೇಶ ಮಾಡಬಹುದು. ಸಿಗುವುದು ಕೇಳಿಸಿಕೊಳ್ಳುವ ಹಕ್ಕು, ವಾರಗಟ್ಟಲೆ ಸಮಯ ಅಲ್ಲ. ಕೇವಿಯಟ್ ಹಾಕುವ ದಿನವೇ ವಕಾಲತ್ತಿಗೆ ಸಹಿ ಮಾಡಿ, ಪಹಣಿ, ಮ್ಯುಟೇಷನ್, ಪಾಲುಪಟ್ಟಿ, ಕಂದಾಯ ರಸೀದಿ ಎಲ್ಲವನ್ನೂ ವಕೀಲರ ಫೈಲಿಗೆ ಸೇರಿಸಿದ್ದರೆ ಮಾತ್ರ ಆ ಹಕ್ಕಿಗೆ ಬೆಲೆ. ಇನ್ನೊಂದು ಅಪಾಯವನ್ನು ಯಾರೂ ಮೊದಲೇ ಹೇಳುವುದಿಲ್ಲ: ಕೇವಿಯಟ್ ನೋಟಿಸ್ ಎಂದರೆ ‘ನೀನು ದಾವೆ ಹಾಕಬಹುದು ಎಂದು ನನಗೆ ಭಯವಿದೆ’ ಎಂದು ಎದುರಾಳಿಗೆ ನೀವೇ ಬರೆದುಕೊಟ್ಟಂತೆ. ಬಾಯಿಮಾತಿನಲ್ಲಿ ಮುಗಿಯುತ್ತಿದ್ದ ಜಗಳ ಕೆಲವೊಮ್ಮೆ ಆ ಲಕೋಟೆಯಿಂದಲೇ ಕೋರ್ಟಿನ ಮೆಟ್ಟಿಲೇರುತ್ತದೆ. ಅದರಲ್ಲಿ ಬರೆದ ಸಂಗತಿಗಳನ್ನು ನಾಳೆ ನಿಮ್ಮ ವಿರುದ್ಧವೇ ಓದುವ ಸಾಧ್ಯತೆಯೂ ಇದೆ. ಆದ್ದರಿಂದ ಕೇವಿಯಟ್‌ನಲ್ಲಿ ಇಡೀ ಮನೆತನದ ಇತಿಹಾಸ ಬರೆಯಿಸಬಾರದು. ಎರಡು ಪುಟ ದಾಟಿದರೆ ಹೆಚ್ಚಾಯಿತು ಎಂದೇ ಅರ್ಥ.

ಸಬ್ ರಿಜಿಸ್ಟ್ರಾರ್ ಕಚೇರಿಗೆ ಕೊಟ್ಟ ಪ್ರತಿಯಿಂದ ಏನೂ ಆಗದು. ಅದು ನ್ಯಾಯಾಲಯವಲ್ಲ, 148ಎ ಅಲ್ಲಿಗೆ ಅನ್ವಯಿಸುವುದಿಲ್ಲ. ನೋಂದಣಿ ನಿಲ್ಲಿಸಲು ಕೋರ್ಟಿನ ಆದೇಶವೇ ಬೇಕು. ತಹಶೀಲ್ದಾರರ ಮುಂದೆ ಖಾತೆ ಬದಲಾವಣೆಗೆ ಅಡ್ಡಿ ಹೇಳಬೇಕಿದ್ದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 129ನೇ ಸೆಕ್ಷನ್‌ನಡಿ ತಕರಾರು ಅರ್ಜಿ ಕೊಡಬೇಕು, ಆ ದಾರಿಯೇ ಬೇರೆ.

ವಕೀಲರು ಮೋಸ ಮಾಡಿದರೇ ಎಂಬುದಕ್ಕೆ: ನೀವು ಬರೆದಿರುವುದರಲ್ಲಿ ಮೋಸದ ಲಕ್ಷಣ ಕಾಣುವುದಿಲ್ಲ. ನೀವು ಹೇಳಿದ ಒಬ್ಬರ ಹೆಸರಿಗೆ, ಹೇಳಿದ ಭಯಕ್ಕೆ ತಕ್ಕಂತೆ ಹಾಕಿದ್ದಾರೆ. 90 ದಿನದ ಮಾತನ್ನು ಬಿಡಿಸಿ ಹೇಳದೆ ಇದ್ದದ್ದು ಕೊರತೆ. ಫೈಲ್ ಬದಲಿಸುವ ಮುನ್ನ ಮುಂದಿನ ಕೆಲಸದ ಬಗ್ಗೆ ಒಮ್ಮೆ ಕೂತು ಮಾತಾಡಿ.

ಆ ಕೆಲಸ ಹೀಗಿದೆ. ಮೊದಲು ದಾವಾಪತ್ರ, ಮಧ್ಯಂತರ ಅರ್ಜಿ, ಅದರ ಜೊತೆಗಿನ ಪ್ರಮಾಣಪತ್ರ, ಆದೇಶದ ಹಾಳೆ, ಇವೆಲ್ಲದರ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿಸಿ. ಕೈಗೆ ಬಂದ ಮೇಲೆ ಎರಡು ಸಂಗತಿ ಹುಡುಕಿ. ಎದುರು ಪಕ್ಷಕ್ಕೆ ನೋಟಿಸ್ ಕೊಡದೆ ನಿರ್ಬಂಧಕಾಜ್ಞೆ ನೀಡುವಾಗ, ತಡವಾದರೆ ಉದ್ದೇಶವೇ ಹಾಳಾಗುತ್ತದೆ ಎನ್ನಲು ಕಾರಣಗಳನ್ನು ನ್ಯಾಯಾಧೀಶರು ಬರೆಯಲೇಬೇಕು. ಇದು ಆದೇಶ 39, ನಿಯಮ 3ರ ಮಾತು. ಹೀಗೆ ಕಾರಣ ಬರೆಯುವುದು ಬರಿಯ ಶಾಸ್ತ್ರವಲ್ಲ, ಕಡ್ಡಾಯ ಎಂದು 1993ರ ಶಿವಕುಮಾರ್ ಚಡ್ಡಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎರಡನೆಯದು, ಆದೇಶ ಪಡೆದವರು ಅರ್ಜಿ, ಪ್ರಮಾಣಪತ್ರ, ದಾವಾಪತ್ರ, ದಾಖಲೆಗಳನ್ನು ಕೂಡಲೇ ನಿಮಗೆ ತಲುಪಿಸಬೇಕು ಇಲ್ಲವೇ ನೋಂದಾಯಿತ ಅಂಚೆಗೆ ಹಾಕಬೇಕು, ಹಾಕಿದ್ದೇವೆ ಎಂಬ ಪ್ರಮಾಣಪತ್ರವನ್ನು ಅದೇ ದಿನ ಅಥವಾ ಮರುದಿನ ಕೋರ್ಟಿಗೆ ಕೊಡಬೇಕು. ನಿಮ್ಮ ಅಣ್ಣನ ಮಗ ಆದೇಶದ ಹಾಳೆಯನ್ನಷ್ಟೇ ಹಿಡಿದು ತೋಟಕ್ಕೆ ಬಂದಿದ್ದರೆ, ಉಳಿದದ್ದು ಅಂಚೆಗೆ ಬಿದ್ದಿದೆಯೇ ಎಂದು ನೋಡಲೇಬೇಕು.

ಆಮೇಲೆ ಎದುರಿಗಿರುವುದು ಎರಡು ದಾರಿ. ಅದೇ ಕೋರ್ಟಿನಲ್ಲಿ ಆದೇಶ 39, ನಿಯಮ 4ರ ಅರ್ಜಿ ಹಾಕಿ ಆದೇಶ ತೆರವು ಮಾಡಲು ಕೇಳುವುದು ಒಂದು. ಮುಖ್ಯ ಸಂಗತಿಯ ಬಗ್ಗೆ ತಿಳಿದೂ ತಿಳಿದೂ ಸುಳ್ಳು ಅಥವಾ ದಾರಿ ತಪ್ಪಿಸುವ ಹೇಳಿಕೆ ಕೊಟ್ಟು ಏಕಪಕ್ಷೀಯ ಆದೇಶ ಪಡೆದಿದ್ದರೆ, ಸಾಮಾನ್ಯವಾಗಿ ಅದನ್ನು ತೆರವು ಮಾಡಲೇಬೇಕು ಎಂದು ಆ ನಿಯಮ ಹೇಳುತ್ತದೆ. ನಿಮ್ಮ ಬಲ ಇಲ್ಲೇ ಇದೆ. ಅಣ್ಣತಮ್ಮಂದಿರ ನಡುವೆ ಪಾಲಾಗಿದೆ, ಪಹಣಿ ಬೇರೆಯಾಗಿದೆ ಎಂಬುದನ್ನು ದಾವಾಪತ್ರ ಹೇಳಿದೆಯೇ, ಅಥವಾ ಎಲ್ಲವೂ ಇನ್ನೂ ಒಟ್ಟು ಕುಟುಂಬದ ಸ್ವತ್ತು ಎಂದಷ್ಟೇ ಬರೆದಿದ್ದಾರೆಯೇ? ಪಾಲುಪಟ್ಟಿ ನೋಂದಣಿಯಾಗಿದ್ದರೆ ಅದು ನಿಮ್ಮ ಆಕ್ಷೇಪಣೆಯ ಮೊದಲ ದಾಖಲೆಯಾಗಲಿ. ಆಗಿರದಿದ್ದರೆ ಬೇರೆ ಪಹಣಿ, ಬೇರೆ ಕಂದಾಯ ರಸೀದಿ, ಬೇರೆ ಸಾಲ, ಬೇರೆ ಕರೆಂಟ್ ಮೀಟರ್, ಇವುಗಳನ್ನು ವರ್ಷವಾರು ಜೋಡಿಸಿ ಕೊಡಬೇಕಾಗುತ್ತದೆ, ಹೋರಾಟವೂ ಕಷ್ಟವಾಗುತ್ತದೆ. ಅವಧಿ ಮುಗಿದ ಕೇವಿಯಟ್‌ಗೆ ಕಾನೂನಿನ ಬಲವಿಲ್ಲ. ಆದರೂ ಅದನ್ನು ಫೈಲಿಗೆ ಸೇರಿಸಿ: ನೀವು ನಿಮ್ಮ ಮಾತು ಹೇಳಲು ಕಾದಿದ್ದಿರಿ ಎಂಬುದು ಆ ಮನೆಗೆ ಗೊತ್ತಿತ್ತು, ತುರ್ತು ಎಂಬ ಅವರ ಮಾತು ಎಷ್ಟು ನಿಜ ಎಂದು ಕೇಳಲು ಅಷ್ಟು ಸಾಕು.

ಎರಡನೆಯದು, ಆದೇಶ 43ರ ಕೆಳಗೆ ನೇರವಾಗಿ ಮೇಲ್ಮನವಿ. ಏಕಪಕ್ಷೀಯ ಆದೇಶದ ಮೇಲೂ ಈ ದಾರಿ ತೆರೆದಿದೆ ಎಂದು 2000ದ ವೆಂಕಟಸುಬ್ಬಯ್ಯ ನಾಯ್ಡು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಆದರೆ ಮೇಲಿನ ಕೋರ್ಟು ನೋಡುವುದು ಕೆಳಗಿನ ಕಡತವನ್ನು. ಆ ಕಡತದಲ್ಲಿ ನಿಮ್ಮ ಒಂದು ಹಾಳೆಯೂ ಇಲ್ಲ. ಆದ್ದರಿಂದ ಮೊದಲು ನಿಯಮ 4 ಎಂಬುದು ನನ್ನ ಸಲಹೆ. ಏಕಪಕ್ಷೀಯ ಆದೇಶ ಕೊಟ್ಟ 30 ದಿನದೊಳಗೆ ಅಣ್ಣನ ಮಗನ ನಿರ್ಬಂಧಕಾಜ್ಞೆ ಅರ್ಜಿಯನ್ನು ಅಂತಿಮವಾಗಿ ಇತ್ಯರ್ಥ ಮಾಡಲು ಕೋರ್ಟು ಪ್ರಯತ್ನಿಸಬೇಕು, ಆಗದಿದ್ದರೆ ಕಾರಣ ಬರೆಯಬೇಕು, ಇದು ನಿಯಮ 3ಎ. ನಿಮ್ಮ ಆಕ್ಷೇಪಣೆ ತಡವಾದರೆ ಆ ನಿಯಮದ ಲಾಭ ನಿಮಗೇ ತಪ್ಪುತ್ತದೆ. ‘ಆಕ್ಷೇಪಣೆಗೆ ಸಮಯ ಬೇಕು’ ಎಂದು ನಿಮ್ಮ ಕಡೆಯಿಂದ ಎರಡು ವಾಯಿದೆ ಕೇಳಿದರೆ, ಆ ದಿನಗಳಷ್ಟೂ ಆದೇಶ ಮುಂದುವರಿಯುತ್ತದೆ. ದಾವಾಪತ್ರಕ್ಕೆ ನೀವು ಕೊಡಬೇಕಾದ ಉತ್ತರ, ಅಂದರೆ ಲಿಖಿತ ಹೇಳಿಕೆಗೂ ಸಮನ್ಸ್ ತಲುಪಿದ ದಿನದಿಂದ 30 ದಿನದ ಗಡುವಿದೆ. ಕೋರ್ಟು ಕಾರಣ ಬರೆದು ಅದನ್ನು 90 ದಿನದವರೆಗೆ ವಿಸ್ತರಿಸಬಹುದು. ಸಾಕಷ್ಟು ಆಧಾರವಿಲ್ಲದೆ ನಿರ್ಬಂಧಕಾಜ್ಞೆ ಪಡೆದಿದ್ದಾರೆ ಎಂದು ಕೊನೆಗೆ ತೀರ್ಮಾನವಾದರೆ 95ನೇ ಸೆಕ್ಷನ್‌ನಡಿ ಪರಿಹಾರ ಕೇಳಬಹುದು, ಗರಿಷ್ಠ 50,000 ರೂಪಾಯಿ. ಒಂದು ಬೇಸಿಗೆಯಲ್ಲಿ ಒಣಗಿದ ತೋಟಕ್ಕೆ ಅದು ಸಾಲುವುದಿಲ್ಲ. ಹಾಗಾಗಿ ತೆರವು ಸಿಗುವುದು ತಡವಾಗುವಂತೆ ಕಂಡರೆ, ಬೋರ್ ಒಂದಕ್ಕಾದರೂ ಅನುಮತಿ ಕೊಟ್ಟು ಆದೇಶ ಮಾರ್ಪಡಿಸಿ ಎಂದು ಅದೇ ನಿಯಮ 4ರಲ್ಲಿ ಪರ್ಯಾಯವಾಗಿ ಕೇಳಿಸಿ. ನಿಂತ ಮರಗಳು ಒಣಗದಂತೆ ನೀರು ಕೊಡುವುದು ಸ್ವತ್ತಿನ ಸ್ವರೂಪ ಬದಲಿಸುವುದಲ್ಲ ಎಂದು ವಾದಿಸಲು ಜಾಗವಿದೆ. ಹೊಸ ಬೇಲಿಗೆ ಆ ವಾದ ಅಷ್ಟು ಸುಲಭವಾಗಿ ಒಗ್ಗದು.

ತೆರವು ಸಿಕ್ಕಿತು ಎಂದಿಟ್ಟುಕೊಳ್ಳಿ. ಅವತ್ತೇ ಮತ್ತೆ ಕೇವಿಯಟ್‌ನ ಕೆಲಸ ಬರುತ್ತದೆ, ಈ ಸಲ ಮೇಲ್ಮನವಿ ಕೋರ್ಟಿನಲ್ಲಿ, ಅಣ್ಣನ ಮಗನ ಹೆಸರಿಗೆ, ದಾವೆ ನಂಬರ್ ಮತ್ತು ಆದೇಶದ ತಾರೀಖು ಸಹಿತ. ಮೇಲ್ಮನವಿ ಜಿಲ್ಲಾ ನ್ಯಾಯಾಲಯಕ್ಕೆ ಹೋಗುವುದಾದರೆ ಅವರಿಗಿರುವ ಕಾಲ 30 ದಿನ, ಅದು ನಿಮ್ಮ 90 ದಿನದೊಳಗೇ ಬರುತ್ತದೆ. ಹೈಕೋರ್ಟಿಗಾದರೆ ಅವರಿಗೂ 90 ದಿನ ಇದೆ, ಮೇಲೆ ಸರ್ಟಿಫೈಡ್ ಕಾಪಿ ಪಡೆಯಲು ಹಿಡಿದ ದಿನಗಳನ್ನು ಆ ಲೆಕ್ಕದಿಂದ ಕಳೆಯುತ್ತಾರೆ. ಅಂದರೆ ನಿಮ್ಮ ಕೇವಿಯಟ್ ಮುಗಿದ ಮೇಲೂ ಅವರ ಮೇಲ್ಮನವಿ ಕಾಲಮಿತಿಯೊಳಗೇ ಬರಬಹುದು. 85ನೇ ದಿನಕ್ಕೆ ಎರಡನೇ ಕೇವಿಯಟ್‌ನ ಕಾಗದಕ್ಕೆ ಸಹಿ ಹಾಕಿಟ್ಟಿರಿ.